ಪಾತ್ಸ್ ಒಂದೇ ಸಾಲದು, ನೋಡ್‌ಗೂ ದಾರಿ ಗೊತ್ತಿರಬೇಕು

ಕೋಡ್ ಬರೆಯುವಾಗ ದೂರದ ಫೋಲ್ಡರ್‌ನ ಫೈಲು ಕರೆಯಲು ‘ಒಂದು ಫೋಲ್ಡರ್ ಮೇಲೆ ಹೋಗು’ ಎಂಬ ../ ಅನ್ನು ಮತ್ತೆ ಮತ್ತೆ ಬರೆಯಬೇಕು. ‘ಟೈಪ್‌ಸ್ಕ್ರಿಪ್ಟ್ (ಜಾವಾಸ್ಕ್ರಿಪ್ಟ್‌ಗೆ ಟೈಪ್ ಸೇರಿಸಿದ ಭಾಷೆ) ಕಾನ್ಫಿಗ್‌ನಲ್ಲಿ ಪಾತ್ಸ್, ಅಂದರೆ ದಾರಿಗೊಂದು ಅಡ್ಡಹೆಸರು, ಬರೆದರೆ ../../../ ಕಾಟ ಮುಗಿಯಿತು’ ಎಂಬ ಮಾತಿದೆ. ಇದನ್ನು ನಾನು ಒಪ್ಪುವುದಿಲ್ಲ. ಪಾತ್ಸ್ ದಾರಿ ತೋರಿಸುವುದು ಟೈಪ್‌ಸ್ಕ್ರಿಪ್ಟ್‌ಗೆ ಮಾತ್ರ. ಕಂಪೈಲ್ ಆದ ಜಾವಾಸ್ಕ್ರಿಪ್ಟ್‌ನಲ್ಲಿ ಆ ಅಡ್ಡಹೆಸರು ಹಾಗೇ ಉಳಿಯುತ್ತದೆ. ಆ ಜಾವಾಸ್ಕ್ರಿಪ್ಟ್ ಅನ್ನು ಸರ್ವರ್‌ನಲ್ಲಿ ಓಡಿಸುವ ನೋಡ್‌ಗೆ (Node.js) ಆ ಹೆಸರಿನ ತಲೆಬುಡ ತಿಳಿಯುವುದಿಲ್ಲ.

ತುಮಕೂರಿನಲ್ಲಿ ನಾವು ಮೂವರು ಸೇರಿ ತಿಪಟೂರು ಕೊಬ್ಬರಿ ದರ ತೋರಿಸುವ ಸಣ್ಣ ಆ್ಯಪ್ ಮಾಡುತ್ತಿದ್ದೇವೆ. ಎಡಿಟರ್‌ನಲ್ಲಿ ಒಂದೂ ಕೆಂಪು ಗೆರೆ ಇರಲಿಲ್ಲ. ಬಿಲ್ಡ್ ಸಲೀಸಾಗಿ ಆಯಿತು. ಸರ್ವರ್ ಶುರು ಮಾಡಿದ ತಕ್ಷಣ, ನಾವು ಪಾತ್ಸ್‌ನಲ್ಲಿ ಕೊಟ್ಟ ಅಡ್ಡಹೆಸರು ‘@ದರ/ಲೆಕ್ಕ’ ಎಂಬ ಪ್ಯಾಕೇಜ್ ಸಿಗುತ್ತಿಲ್ಲ ಅಂತ ನಿಂತುಬಿಟ್ಟಿತು. ಚುಕ್ಕಿಯಿಂದಲೋ (.) ಓರೆಗೆರೆಯಿಂದಲೋ (/) ಶುರುವಾಗದ ಇಂಥ ಹೆಸರನ್ನು ನೋಡ್ ಹುಡುಕುವುದು ಹೊರಗಿನ ಪ್ಯಾಕೇಜ್‌ಗಳಿರುವ ನೋಡ್ ಮಾಡ್ಯೂಲ್ಸ್ ಫೋಲ್ಡರ್‌ನಲ್ಲಿ, ಅಲ್ವಾ? ನಮ್ಮ ಫೈಲು ಅಲ್ಲಿ ಎಲ್ಲಿಂದ ಬರಬೇಕು! ಹರಾಜಿನ ದಿನ ಬೆಳಗ್ಗೆ ಕೂತು ಮತ್ತೆ ಎಲ್ಲ ಕಡೆ ../../ ಹಾಕಿದೆವು.

ಆಮೇಲೆ ಪ್ರಾಜೆಕ್ಟ್‌ನ ವಿವರ ಇರುವ ಪ್ಯಾಕೇಜ್ ಜೇಸನ್ (package.json) ಫೈಲಿನ ‘ಇಂಪೋರ್ಟ್ಸ್’ಗೆ ಬಂದೆವು. ಅಡ್ಡಹೆಸರನ್ನು ನೋಡ್ ಇಲ್ಲೇ ಓದುತ್ತದೆ. ಹೆಸರು # ಇಂದ ಶುರುವಾಗಲೇಬೇಕು. ಎಡಕ್ಕೆ ಅಡ್ಡಹೆಸರು ‘#ದರ/*’, ಬಲಕ್ಕೆ ನಿಜವಾದ ದಾರಿ ‘./ಡಿಸ್ಟ್/ದರ/*.ಜೆಎಸ್’, ಅಷ್ಟೇ; * ಇದ್ದಲ್ಲಿ ಫೈಲಿನ ಹೆಸರು ಬರುತ್ತದೆ. ‘ಇಂಪೋರ್ಟ್ಸ್’ 2020ರ ನೋಡ್ 14.6ರಿಂದಲೇ ಇದೆ, ಪ್ಲಗಿನ್ ಏನೂ ಬೇಡ. ಟೈಪ್‌ಸ್ಕ್ರಿಪ್ಟ್ ಕಾನ್ಫಿಗ್‌ನಲ್ಲಿ ಮಾಡ್ಯೂಲ್ ರೆಸಲ್ಯೂಷನ್ (ಫೈಲು ಹುಡುಕುವ ವಿಧಾನ) ‘ನೋಡ್16’ ಎಂದಿಟ್ಟರೆ ಟೈಪ್‌ಸ್ಕ್ರಿಪ್ಟ್ ಕೂಡ ಇದನ್ನೇ ಓದುತ್ತದೆ.

ವೀಟ್ ತರಹದ ಬಂಡ್ಲರ್‌ನಲ್ಲಿ (ಫೈಲುಗಳನ್ನು ಒಟ್ಟುಗೂಡಿಸುವ ಸಾಧನ) ಅಲಿಯಾಸ್, ಅಂದರೆ ಅಡ್ಡಹೆಸರು, ಬೇರೆ ಬರೆದುಕೊಂಡರೆ ನಡೆಯುತ್ತದೆ, ಸರಿ. ಆದರೆ ಒಂದೇ ದಾರಿಯನ್ನು ಮೂರು ಕಡೆ ಬರೆದರೆ ತಪ್ಪು ಜಾಸ್ತಿ. ಇನ್ನೊಂದು ಮಾತು, ಪಕ್ಕದ ಫೈಲಿಗೂ ಸುಮ್ನೆ # ಹಾಕಬೇಡಿ. ಅಲ್ಲಿ ./ ಇದ್ದರೇನೇ ಓದಲು ಸುಲಭ.