ವಿದೇಶಿ ಬ್ಯಾಂಕಿನ ಬೋರ್ಡು ಬಿಡಿ, ಇಲ್ಲಿನ ಲೆಕ್ಕ ನೋಡಿ

"ಲಂಡನ್ ಬ್ಯಾಂಕು, ಮುಳುಗೋ ಮಾತೇ ಇಲ್ಲ" ಅಂತ ಠೇವಣಿ ಇಡುವವರು ಇವತ್ತಿಗೂ ಇದ್ದಾರೆ. ಲಂಡನ್ನಿನಿಂದಲೇ ನಡೆಯುತ್ತಿದ್ದ ಬಿಸಿಸಿಐಗೆ (ಕ್ರಿಕೆಟ್ ಮಂಡಳಿಯಲ್ಲ, ಬ್ಯಾಂಕ್ ಆಫ್ ಕ್ರೆಡಿಟ್ ಅಂಡ್ ಕಾಮರ್ಸ್ ಇಂಟರ್‌ನ್ಯಾಷನಲ್) 1991ರ ಜುಲೈನಲ್ಲಿ ಹಲವು ದೇಶಗಳಲ್ಲಿ ಒಟ್ಟಿಗೇ ಬೀಗ ಬಿತ್ತು. ಅದರ ಮುಂಬೈ ಶಾಖೆ ಕೊನೆಗೆ ಎಸ್‌ಬಿಐ ಪಾಲಾಯಿತು.

ಮೊದಲು ಕೇಳಬೇಕಾದ್ದು: ಇದು ಶಾಖೆಯೋ, ಇಲ್ಲೇ ನೋಂದಾಯಿಸಿದ ಕಂಪನಿಯೋ? ಸಿಂಗಾಪುರದ ಡಿಬಿಎಸ್ (2019ರ ಮಾರ್ಚ್‌ನಿಂದ) ಮತ್ತು ಮಾರಿಷಸ್ಸಿನ ಎಸ್‌ಬಿಎಂ ಇಲ್ಲಿ ಕಂಪನಿ ಮಾಡಿಕೊಂಡಿವೆ. ಉಳಿದವು ಹೆಚ್ಚುಕಮ್ಮಿ ಎಲ್ಲವೂ ಶಾಖೆಗಳೇ. ಹೆಡ್ ಆಫೀಸ್ ಬಿದ್ದರೆ ಅವಕ್ಕೆ ಬೇರೆ ಜೀವವಿಲ್ಲ. ಆದರೂ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 11ನೇ ಸೆಕ್ಷನ್ ಸ್ವಲ್ಪ ಆಸರೆ ಕೊಡುತ್ತದೆ. ಇಲ್ಲಿ ಗಳಿಸಿದ ಲಾಭದ 20% ಪ್ರತಿವರ್ಷ ರಿಸರ್ವ್ ಬ್ಯಾಂಕಿನಲ್ಲಿ ಇಡಬೇಕು, ಬಾಗಿಲು ಹಾಕಿದರೆ ಆ ಹಣದ ಮೇಲೆ ಭಾರತದಲ್ಲಿ ಬಾಕಿ ಬರಬೇಕಾದವರಿಗೇ ಮೊದಲ ಹಕ್ಕು.

ಮೂಲ ಬ್ಯಾಂಕಿನ ಹೊಳೆಯುವ ವಾರ್ಷಿಕ ವರದಿ ಪಕ್ಕಕ್ಕಿಡಿ. ಮಾರ್ಚ್ 31ಕ್ಕೆ ಮುಗಿಯುವ ಭಾರತದ ಲೆಕ್ಕಪತ್ರ, ಬಾಸೆಲ್ ಪ್ರಕಟಣೆ (ಬಂಡವಾಳ, ರಿಸ್ಕಿನ ವಿವರ) ಎರಡೂ ಅವರ ಇಂಡಿಯಾ ವೆಬ್‌ಸೈಟಿನಲ್ಲಿ ಸಿಗುತ್ತವೆ.

ಎಡವುವುದು ಸಿಆರ್‌ಎಆರ್‌ನಲ್ಲಿ. ರಿಸ್ಕಿಗೆ ತಕ್ಕಂತೆ ತೂಗಿದ ಆಸ್ತಿಗೆ ಬ್ಯಾಂಕಿನ ಬಂಡವಾಳ ಶೇಕಡಾ ಎಷ್ಟು ಅನ್ನೋದೇ ಅದು. ಬಫರ್ (ಕಷ್ಟಕಾಲಕ್ಕೆ ಇಡುವ ಹೆಚ್ಚುವರಿ ಬಂಡವಾಳ) ಸೇರಿ 11.5% ಇದ್ದರೆ ನಿಯಮಕ್ಕೆ ಸಾಕು. 25% ಕಂಡರೆ ನಮಗೆ ಖುಷಿ. ಸ್ವಲ್ಪ ತಾಳಿ. ಬಂಡವಾಳ 1,000 ಕೋಟಿ, ಒಟ್ಟು ಆಸ್ತಿ 10,000 ಕೋಟಿ ಅಂದುಕೊಳ್ಳಿ. ಅದರಲ್ಲಿ 6,000 ಕೋಟಿ ಸರ್ಕಾರಿ ಬಾಂಡ್; ಸಾಲದ ರಿಸ್ಕಿನ ಲೆಕ್ಕದಲ್ಲಿ ಅದರ ತೂಕ ಸೊನ್ನೆ. ಉಳಿದ 4,000 ಕೋಟಿ ಸಾಲಕ್ಕೆ ಪೂರ್ತಿ ತೂಕ ಹಾಕಿದರೆ ಅನುಪಾತ 25%. ಆಸ್ತಿಯೆಲ್ಲ ಸೇರಿಸಿ ಭಾಗಿಸಿದರೆ ಬರೀ 10%. ಬಡ್ಡಿದರ ಏರಿದಾಗ ಬಾಂಡಿನ ಬೆಲೆ ಇಳಿಯುವುದಂತೂ ತಪ್ಪಿದ್ದಲ್ಲ. ಅದಕ್ಕೇ ಲಿವರೇಜ್ ಅನುಪಾತವನ್ನೂ (ಹೀಗೆ ತೂಕ ಹಾಕದೆ ಭಾಗಿಸಿದ್ದು) ಜೊತೆಗೇ ನೋಡಬೇಕು.

ಎನ್‌ಪಿಎ (ವಾಪಸ್ ಬರದೆ ನಿಂತ ಸಾಲ) ಕಡಿಮೆ ಅಂದರೆ ವಸೂಲಿ ಚೆನ್ನಾಗಿದೆ ಅಂತಲೇ ಅಲ್ಲ. ಆ ವರ್ಷ ಎಷ್ಟು ರೈಟ್‌ಆಫ್ ಮಾಡಿದರು (ಲೆಕ್ಕದಿಂದ ತೆಗೆದುಹಾಕಿದರು), ಎಷ್ಟು ಸಾಲ ಬೇರೆಯವರಿಗೆ ಮಾರಿದರು ಅನ್ನೋದನ್ನ ಟಿಪ್ಪಣಿಗಳಲ್ಲಿ ಹುಡುಕಿ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಸಾಲು ಇದೇ ಟಿಪ್ಪಣಿಗಳಲ್ಲಿದೆ: ಒಟ್ಟು ಠೇವಣಿಯಲ್ಲಿ ಅತಿ ದೊಡ್ಡ ಇಪ್ಪತ್ತು ಠೇವಣಿದಾರರ ಪಾಲು ಶೇಕಡಾ ಎಷ್ಟು? ನಾಲ್ಕೈದು ಶಾಖೆಯ ಬ್ಯಾಂಕಿಗೆ ದುಡ್ಡು ಬರುವುದು ಕಂಪನಿಗಳಿಂದ. ಅವುಗಳ ಖಜಾಂಚಿಗಳು ಹಣ ತೆಗೆಯಲು ಕ್ಯೂ ನಿಲ್ಲುವುದಿಲ್ಲ, ಒಂದು ಆರ್‌ಟಿಜಿಎಸ್ ಸಾಕು.

ಕೊನೆಗೆ ಲೆಕ್ಕಪತ್ರದ 12ನೇ ಶೆಡ್ಯೂಲ್, ಅಂದರೆ ಮುಂದೆ ಹೊರೆಯಾಗಬಹುದಾದ ಬಾಧ್ಯತೆಗಳ ಪಟ್ಟಿ. ಡಿರೈವೇಟಿವ್ (ಬಡ್ಡಿದರ, ಕರೆನ್ಸಿಯ ಏರಿಳಿತದ ಮೇಲಿನ ಒಪ್ಪಂದ) ಮೊತ್ತ ಬ್ಯಾಲೆನ್ಸ್ ಶೀಟಿನ ಹಲವು ಪಟ್ಟು ಇದ್ದರೆ ಗಾಬರಿ ಬೇಡ, ಅದು ನಷ್ಟವಲ್ಲ. ಆದರೆ ಎದುರು ಪಾರ್ಟಿ ಅದೇ ಹೆಡ್ ಆಫೀಸ್ ಆಗಿದ್ದರೆ ರಿಸ್ಕು ಮನೆ ಬಿಟ್ಟು ಹೋಗಿಲ್ಲ, ಕೋಣೆ ಬದಲಾಯಿಸಿದೆ ಅಷ್ಟೇ.

ಠೇವಣಿ ವಿಮೆ ಇಲ್ಲೂ 5 ಲಕ್ಷವೇ, ಬಡ್ಡಿ ಸೇರಿ.