ಸಂಘ ಬೆಳೆದಿದೆ, ಪೇಟ ವಾಪಸ್ ಕೊಡಿ

ಮೈಸೂರು 1916ರಿಂದ ವಿಶ್ವವಿದ್ಯಾಲಯ ಸಾಕಿಕೊಂಡು ಬಂದ ಊರು. ಈಗ ಇಲ್ಲಿ ಒಂದಲ್ಲ, ಹಲವು ಇವೆ. ಆದ್ದರಿಂದ ಇದು ಯಾವುದರ ಕಥೆ ಅಂತ ಕೇಳಬೇಡಿ. ಅಲ್ಲಿನ ವಿದ್ಯಾರ್ಥಿಗಳ ಸಾಂಸ್ಕೃತಿಕ ಸಂಘ ಬೆಳೆದಿದೆ. ಎಷ್ಟು ಅಂತೀರಾ? ಆಹ್ವಾನ ಪತ್ರಿಕೆ ಮೂರು ಮಡಿಕೆ ಆಗಿದೆ.

ನಾವು ಓದುವಾಗ ಸಂಘ ಅಂದ್ರೆ ಒಂಬತ್ತು ಜನ, ಒಂದು ತಮಟೆ, ಆರು ಜೊತೆ ಕಂಸಾಳೆ. ಕಾರ್ಯದರ್ಶಿ ಅಂತ ಒಬ್ಬನಿದ್ದ. ತಮಟೆ ಕಾಯಿಸೋಕೆ ಹುಲ್ಲು ತರೋದು ಅವನ ಕೆಲಸ. ಈಗ ಗೌರವಾಧ್ಯಕ್ಷರು, ಕಾರ್ಯಾಧ್ಯಕ್ಷರು, ಸಂಚಾಲಕರು, ಸಹಸಂಚಾಲಕರು, ರೀಲ್ಸ್ ಉಸ್ತುವಾರಿ. ಕುಣಿಯೋರು? ಇದ್ದಾರೆ, ಕೊನೇ ಪುಟದಲ್ಲಿ, ‘ಹಾಗೂ ಇತರರು’ ಅಂತ.

ಮೊನ್ನೆ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ಐದಕ್ಕೆ ಅಂದಿದ್ದು ಆರೂಮುಕ್ಕಾಲಿಗೆ ಶುರುವಾಯಿತು. ವೇದಿಕೆ ಮೇಲೆ ಇಪ್ಪತ್ಮೂರು ಕುರ್ಚಿ. ಎಲ್ಲರಿಗೂ ಮೈಸೂರು ಪೇಟ. ಆದರೆ ಬಾಡಿಗೆಗೆ ಸಿಕ್ಕಿದ್ದು ಹದಿನೆಂಟೇ. ಹಾಗಾಗಿ ಫೋಟೊ ಆದ ಕೂಡಲೇ ಮೊದಲಿನ ಐವರ ತಲೆಯಿಂದ ಪೇಟ ತೆಗೆದು, ಪರದೆ ಹಿಂದಿನಿಂದ ಓಡಿಸಿ, ಕೊನೆಯ ಐವರಿಗೆ ತೊಡಿಸಿದರು. ಒಬ್ಬ ಅತಿಥಿಗಳ ತಲೆ ಸ್ವಲ್ಪ ದೊಡ್ಡದು, ಪಾಪ. ಜಾರುತ್ತಿದ್ದ ಪೇಟವನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ, ಜನಪದ ಕಲೆ ಉಳಿಸಬೇಕು ಅಂತ ಇಪ್ಪತ್ತೈದು ನಿಮಿಷ ಮಾತಾಡಿದರು.

ಜನಪದ ಕಲೆ ಅಷ್ಟೊತ್ತೂ ಪರದೆ ಹಿಂದೆ ಕೂತು ತಣ್ಣಗಾದ ಉಪ್ಪಿಟ್ಟು ತಿನ್ನುತ್ತಿತ್ತು.

ಮಳವಳ್ಳಿ ಕಡೆಯ ಹುಡುಗನೊಬ್ಬ ತನ್ನ ಕಂಸಾಳೆ ರಿಪೇರಿ ಮಾಡುತ್ತಿದ್ದ. ಎಡಗೈಗೆ ಬಟ್ಟಲಿನಂಥ ಕಂಚಿನ ತಾಳ, ಬಲಗೈಗೆ ದಾರ ಕಟ್ಟಿದ ಚಪ್ಪಟೆ ತಾಳ. ಆ ದಾರ ಸವೆದು ಎಳೆ ಬಿಟ್ಟಿತ್ತು. ಹಲ್ಲಲ್ಲಿ ಕಚ್ಚಿ ಗಂಟು ಹಾಕುತ್ತಿದ್ದ. ತಾಳ ಬೀಸುತ್ತ ಕುಣಿಯುವ ಬೀಸು ಕಂಸಾಳೆಯಲ್ಲಿ ದಾರ ಕಿತ್ತರೆ ಕಂಚು ಸೀದಾ ಮುಂದಿನ ಸಾಲಿನವರ ಹಣೆಗೆ. ಮುಂದಿನ ಸಾಲಲ್ಲಿ ಯಾರು ಕೂತಿದ್ದಾರೆ ಅಂತ ನೆನೆಸಿಕೊಂಡು ನಾನು ಏನೂ ಹೇಳಲಿಲ್ಲ.

‘ಹೊಸ ದಾರಕ್ಕೂ ಸಂಘದಲ್ಲಿ ದುಡ್ಡಿಲ್ವಾ?’ ಅಂದೆ.

‘ಬಿಲ್ ಕೊಟ್ಟಿದ್ದೀವಿ ಸರ್. ಖಜಾಂಚಿ, ಸಹಖಜಾಂಚಿ ಇಬ್ಬರೂ ಸೈನ್ ಹಾಕಬೇಕು. ಅವರಿಬ್ಬರಿಗೂ ಮಾತಿಲ್ಲ.’

ಇವರ ಸರದಿ ಬಂದಾಗ ಒಂಬತ್ತೂವರೆ. ಹತ್ತಕ್ಕೆ ಮೈಕ್ ಬಂದ್. ವಂದನಾರ್ಪಣೆಗೆ ಇಪ್ಪತ್ತೇಳು ನಿಮಿಷ ಎತ್ತಿಟ್ಟು ಮಾದಪ್ಪನಿಗೆ ಮೂರು ನಿಮಿಷ ಕೊಟ್ಟರು. ಕಂಸಾಳೆಯವರು ಹಾಡೋದು ಮಲೆ ಮಾದಪ್ಪನ ಕಥೆ, ರಾತ್ರಿಯೆಲ್ಲ ಹಾಡಿದರೂ ಮುಗಿಯದ್ದು. ಹುಡುಗರು ಎರಡು ಸುತ್ತು ಬೀಸುವಷ್ಟರಲ್ಲಿ ನಿರೂಪಕಿ ‘ಜೋರಾದ ಚಪ್ಪಾಳೆ’ ಅಂದುಬಿಟ್ಟಳು. ಪೇಟದವನು ಆಗಲೇ ಚೀಲ ಹಿಡಿದು ಮೆಟ್ಟಿಲ ಹತ್ತಿರ ನಿಂತು ತಲೆ ಎಣಿಸುತ್ತಿದ್ದ.

ಹೋದ ವಾರ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಅದೇ ಹುಡುಗ ಸಿಕ್ಕಿದ. ಕೊರಳಲ್ಲಿ ಬ್ಯಾಡ್ಜು.

‘ಸರ್, ಈಗ ನಾನೂ ಸಹಸಂಚಾಲಕ.’

‘ಮತ್ತೆ ಕಂಸಾಳೆ?’

‘ದಸರಾ ಯುವ ಸಂಭ್ರಮಕ್ಕೆ ಎಲ್‌ಇಡಿ ಪರದೆ ಮೇಲೆ ತೋರಿಸ್ತೀವಿ ಸರ್. ಅದಕ್ಕೊಂದು ಉಪಸಮಿತಿ ಆಗಿದೆ, ಹನ್ನೊಂದು ಜನ.’

‘ದಾರ ತಂದ್ರಾ?’

‘ಮುಂದಿನ ಸಭೆಯ ಅಜೆಂಡಾದಲ್ಲಿದೆ ಸರ್.’