ಅಟ್ಟದ ಪಿಸಿಗೆ ಕಾವಲು ಕೆಲಸ

ಮನೆಯ ನೆಟ್‌ನ ಬಾಗಿಲಲ್ಲಿ ನಿಂತು ಬಂದುಹೋಗುವ ಡೇಟಾ ತಪಾಸಣೆ ಮಾಡುವ ಫೈರ್‌ವಾಲ್ ಒಂದು ಬೇಕು ಅನ್ನಿಸಿದ ಕೂಡಲೇ ಎಲ್ಲರ ಕಣ್ಣು ಹೋಗುವುದು ಅಟ್ಟದ ಕಡೆಗೆ. ಮಗನ ಇಂಜಿನಿಯರಿಂಗ್ ಕಾಲದ ಪಿಸಿ ಅಲ್ಲಿ ಹಳೇ ಬೆಡ್‌ಶೀಟ್ ಹೊದ್ದು ಮಲಗಿರುತ್ತದೆ. ‘ಸುಮ್ನೆ ಬಿದ್ದಿದೆ, ಖರ್ಚೇ ಇಲ್ಲ’ ಅನ್ನುವಲ್ಲಿಂದಲೇ ಖರ್ಚು ಶುರು. ಹಳೇ ಡೆಸ್ಕ್‌ಟಾಪ್ ಸುಮ್ಮನೆ ಕೂತರೂ 60 ವ್ಯಾಟ್ ಎಳೆಯುವುದುಂಟು. ಫೈರ್‌ವಾಲ್‌ಗೆ ಭಾನುವಾರ, ಹಬ್ಬ ಏನೂ ಇಲ್ಲವಾದ್ದರಿಂದ ತಿಂಗಳಿಗೆ 43 ಯೂನಿಟ್ ಆಯಿತು. ಇಂಟೆಲ್ ಎನ್100 ಪ್ರೊಸೆಸರ್ ಇರುವ ಪುಟ್ಟ ಮಿನಿ ಪಿಸಿ 10 ವ್ಯಾಟ್ ಆಸುಪಾಸಿನಲ್ಲಿ, ಅಂದರೆ 7 ಯೂನಿಟ್‌ನಲ್ಲಿ, ತಿಂಗಳು ದೂಡುತ್ತದೆ.

ಕರೆಂಟ್ ಹೋಗಿ ಬಂದಾಗ ಇನ್ನೊಂದು ತಮಾಷೆ. ಪಿಸಿಯ ಮೂಲ ಸೆಟ್ಟಿಂಗ್‌ಗಳಿರುವ ಬಯಾಸ್‌ನಲ್ಲಿ ‘ರಿಸ್ಟೋರ್ ಆನ್ ಎಸಿ ಪವರ್ ಲಾಸ್’ ಎಂಬುದನ್ನು ‘ಪವರ್ ಆನ್’ ಮಾಡಿರದಿದ್ದರೆ ಪಿಸಿ ತಾನಾಗಿ ಏಳುವುದಿಲ್ಲ. ಎದ್ದರೂ, ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ ಸತ್ತಿದ್ದರೆ ‘ಎಫ್1 ಒತ್ತಿ’ ಅಂತ ಕಾಯುತ್ತದೆ. ಒತ್ತಲು ಕೀಬೋರ್ಡೇ ಇರುವುದಿಲ್ಲ. ಕೀಬೋರ್ಡ್ ಹುಡುಕಿ ಒತ್ತಿದಿರಿ ಅನ್ನಿ, ಗಡಿಯಾರ ಬೋರ್ಡ್ ಹುಟ್ಟಿದ ವರ್ಷಕ್ಕೆ ಹೋಗಿ ನಿಂತಿರುತ್ತದೆ. ವೆಬ್‌ಸೈಟ್ ಹೆಸರಿಗೆ ವಿಳಾಸ ಹುಡುಕುವಾಗ ಉತ್ತರದ ಡಿಜಿಟಲ್ ಸಹಿ ನೋಡುವ ಡಿಎನ್‌ಎಸ್‌ಸೆಕ್ ಆನ್ ಇದ್ದರೆ ಇಂದಿನ ಸಹಿಗಳೆಲ್ಲ ಅದರ ಪಾಲಿಗೆ ಇನ್ನೂ ಜಾರಿಗೇ ಬಂದಿಲ್ಲ, ಹಾಗಾಗಿ ಹೆಸರಿಗೆ ವಿಳಾಸ ಹುಡುಕಿಕೊಡುವುದಿಲ್ಲ. ಸಮಯ ಸರಿಮಾಡುವ ಸರ್ವರ್‌ನ ವಿಳಾಸ ಸಿಗಬೇಕಾದರೂ ಅದೇ ಹುಡುಕಾಟ ಬೇಕು. ಬ್ಯಾಟರಿ ಮೊದಲೇ ಬದಲಿಸಿ.

ಬೆಂಗಳೂರಿನ ಕಂಪ್ಯೂಟರ್ ಬಿಡಿಭಾಗಗಳ ಬೀದಿ ಎಸ್‌ಪಿ ರೋಡಿಗೆ ಹೋದವರು ಪ್ರೊಸೆಸರ್ ಬಗ್ಗೆ ಅರ್ಧ ಗಂಟೆ ಚೌಕಾಸಿ ಮಾಡಿ, ನೆಟ್‌ವರ್ಕ್ ಕಾರ್ಡ್ ಮಾತ್ರ ‘ಯಾವುದಾದ್ರೂ ಕೊಡಿ’ ಅನ್ನುತ್ತಾರೆ. ನೋಡಬೇಕಾದ್ದು ಅದನ್ನೇ. ಪಿಸಿಯನ್ನು ಫೈರ್‌ವಾಲ್ ಮಾಡುವ ಸಾಫ್ಟ್‌ವೇರ್‌ಗಳಾದ ಪಿಎಫ್‌ಸೆನ್ಸ್, ಓಪಿಎನ್‌ಸೆನ್ಸ್ ಎರಡರ ಬುಡದಲ್ಲೂ ಇರುವುದು ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್. ಅದಕ್ಕೆ ಇಂಟೆಲ್ ಪೋರ್ಟ್ ಒಗ್ಗುವಷ್ಟು ರಿಯಲ್‌ಟೆಕ್ ಕಂಪನಿಯದು ಒಗ್ಗುವುದಿಲ್ಲ. ಡೌನ್‌ಲೋಡ್ ಜೋರಾದಾಗ ಲಾಗ್‌ನಲ್ಲಿ ‘ವಾಚ್‌ಡಾಗ್ ಟೈಮ್‌ಔಟ್’ ಅಂತ ಒಂದು ಸಾಲು ಗೀಚಿ ಕಣ್ಣು ಮುಚ್ಚುವುದುಂಟು. ರಿಯಲ್‌ಟೆಕ್‌ನದೇ ಡ್ರೈವರ್ ಹಾಕಿದರೆ ಎಷ್ಟೋ ವಾಸಿ. ಹಳೇ ಪಿಸಿಐ ಸ್ಲಾಟಿನ ಕಾರ್ಡಂತೂ ಬೇಡ: ಎಲ್ಲ ಸ್ಲಾಟಿಗೂ ಸೇರಿ ಸೆಕೆಂಡಿಗೆ 133 ಮೆಗಾಬೈಟ್ ದಾರಿ, ಗಿಗಾಬಿಟ್ ಪೋರ್ಟ್ ಎರಡಾದರೆ ಅಲ್ಲೇ ಟ್ರಾಫಿಕ್ ಜಾಮ್.

ಪ್ರೊಸೆಸರ್‌ನ ಕೋರ್ ಎಣಿಸುವವರಿಗೂ ಒಂದು ಮಾತು. ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗುವ ಪಿಪಿಪಿಒಇ ಕನೆಕ್ಷನ್ ಆದರೆ ಒಳಗೆ ಬರುವ ಪ್ಯಾಕೆಟ್‌ಗಳೆಲ್ಲ, ಅಂದರೆ ಡೇಟಾದ ತುಣುಕುಗಳೆಲ್ಲ, ಸಾಮಾನ್ಯವಾಗಿ ಒಂದೇ ಕೋರ್‌ನ ತಲೆ ಮೇಲೆ ಬೀಳುತ್ತವೆ. ಉಳಿದವು ರಸ್ತೆ ಅಗೆಯುವಲ್ಲಿ ಒಬ್ಬ ಹಾರೆ ಹಾಕುವಾಗ ಸುತ್ತ ನಿಂತು ನೋಡುವವರ ಹಾಗೆ. ಇಲ್ಲಿ ಕೋರ್‌ಗಳ ಸಂಖ್ಯೆಗಿಂತ ಒಂದು ಕೋರ್‌ನ ವೇಗ ಮುಖ್ಯ. ರ್‍ಯಾಮ್ ಬರೀ ಫೈರ್‌ವಾಲ್‌ಗೆ 4 ಜಿಬಿ ಸಾಕು, ದಾಳಿ ಪತ್ತೆ ಹಚ್ಚುವ ಸುರಿಕಾಟ ಓಡಿಸುವ ಆಸೆಯಿದ್ದರೆ 8 ಇರಲಿ.

ಮಿನಿ ಪಿಸಿ ತಂದವರು ಯುಪಿಎಸ್ ನೋಡಿ ತರಬೇಕು. ಅಡಾಪ್ಟರ್ ಮೇಲೆ 12 ವೋಲ್ಟ್ 5 ಆಂಪಿಯರ್ ಅಂತಿದ್ದು, ರೂಟರಿಗೆಂದು ಕೊಂಡ ಯುಪಿಎಸ್ 2 ಆಂಪಿಯರ್‌ನದಾದರೆ, ಕರೆಂಟ್ ಹೋದಾಗಲ್ಲ, ಯಾರಾದರೂ ದೊಡ್ಡ ಫೈಲ್ ಇಳಿಸಲು ಹೊರಟಾಗ ಪೆಟ್ಟಿಗೆ ರೀಸ್ಟಾರ್ಟ್ ಆಗುತ್ತದೆ.

ಇಷ್ಟಾಗಿಯೂ ಮೊದಲ ದಿನ ನೆಟ್ ಬರದಿದ್ದರೆ ಹಾರ್ಡ್‌ವೇರ್ ಬೈಯುವ ಮುಂಚೆ ಫೈಬರ್ ಮೋಡೆಮ್‌ನ ವಿಳಾಸ ನೋಡಿ. ಅದೂ 192.168.1.1, ಫೈರ್‌ವಾಲೂ 192.168.1.1 ಆಗಿದ್ದರೆ ಪ್ಯಾಕೆಟ್ ಯಾರ ಮನೆಗೆ ಹೋಗಬೇಕು? ಮೋಡೆಮನ್ನು ಬ್ರಿಡ್ಜ್ ಮೋಡಿಗೆ ಹಾಕಿಸಿ, ಆಗ ಅದು ರೂಟರ್ ಕೆಲಸ ಬಿಟ್ಟು ಸಂಪರ್ಕವನ್ನಷ್ಟೇ ದಾಟಿಸುತ್ತದೆ. ಕೇಬಲ್‌ನವರು ಒಪ್ಪದಿದ್ದರೆ ಫೈರ್‌ವಾಲ್‌ನ ಲ್ಯಾನ್ (ಮನೆಯೊಳಗಿನ ನೆಟ್‌ವರ್ಕ್) ವಿಳಾಸವನ್ನು 192.168.10.1 ಮಾಡಿಕೊಳ್ಳಿ. ಎಲ್ಲ ಸರಿಹೋದರೂ ಹಳೇ ರೂಟರ್ ಮಾರಬೇಡಿ. ಮನೆಯಲ್ಲಿ ಆನ್‌ಲೈನ್ ಕ್ಲಾಸ್ ನಡೆಯುವಾಗಲೇ ಫೈರ್‌ವಾಲ್‌ಗೆ ಅಪ್‌ಡೇಟ್ ಹಾಕುವ ಹುಮ್ಮಸ್ಸು ಬರುವುದು.